ನಾನಿಲ್ಲದ ಆರು ತಿಂಗಳ ಡ್ಯಾನ್ಸ್ ಕ್ಲಾಸು

ಜೂನ್ 4, 2008, ಬುಧವಾರ

ಹೇಳದೆ ಇದ್ದರೆ ಹೊಟ್ಟೆ ಒಡೆದುಹೋಗುತ್ತದೆ; ಹೇಳಿದರೆ ನಾಳೆಯೊಳಗೆ ಇಡೀ ಸೀತಾಂಗೋಳಿಗೆ ಗೊತ್ತಾಗುತ್ತದೆ. ಆದ್ದರಿಂದ ಬರೆಯುತ್ತೇನೆ.

ಮಧ್ಯಾಹ್ನ ಶಾಲೆಯ ಊಟದ ಬಿಡುವಿನಲ್ಲಿ ಮಂಗಳೂರಿನಿಂದ ದೀಪ್ತಿಯ ಫೋನು. ದೀಪ್ತಿ ನನಗೆ ನೃತ್ಯ ಕಲಿಸಿದ ಗುರುಗಳ ಮಗಳು, ಈಗ ಅವಳದೇ ಒಂದು ತಂಡವಿದೆ.

"ಸುಬ್ಬಕ್ಕಾ, ಆಗಸ್ಟಿನಲ್ಲಿ ದುಬೈಗೆ ಹೋಗ್ಲಿಕ್ಕುಂಟು. ಆರು ತಿಂಗಳು."

"ಒಳ್ಳೇದಾಯ್ತು, ಹೋಗಿ ಬಾ. ಅಲ್ಲಿ ಭಯಂಕರ ಸೆಕೆಯಂತೆ," ಎಂದೆ.

"ನಾನು ಹೋಗುವ ಸುದ್ದಿ ಹೇಳಿದ್ದಲ್ಲ ಮಾರಾಯ್ರೆ! ನೀವು ಬರ್ತೀರಾ ಅಂತ ಕೇಳಿದ್ದು!"

ಒಂದು ಹೊಳೆಯ ಕತೆಯನ್ನು ನೃತ್ಯರೂಪಕ ಮಾಡುತ್ತಿದ್ದಾಳಂತೆ. ದುಬೈಯಲ್ಲಿ ಬಿಡಾರ, ಅಲ್ಲಿಂದ ಗಲ್ಫಿನ ಊರೂರಿನ ಕನ್ನಡ ಸಂಘಗಳಲ್ಲಿ ಪ್ರದರ್ಶನ. ಘಟ್ಟದಲ್ಲಿ ಹುಟ್ಟುವ ಹೊಳೆಯಾಗಿ ಒಬ್ಬಳು ಕಾಲೇಜು ಹುಡುಗಿ. ಕಡಲು ಸೇರುವ ಹೊಳೆ ನಾನು.

"ಅಂದರೆ ಮುದಿ ಹೊಳೆಯಾ?"

"ಮುದಿ ಅಲ್ಲ ಸುಬ್ಬಕ್ಕ. ಅಗಲದ ಹೊಳೆ."

ಅದು ಸಮಾಧಾನದ ಮಾತೋ ನನ್ನ ಸೊಂಟವನ್ನು ನೆನಪಿಟ್ಟು ಆಡಿದ ಮಾತೋ ದೇವರಿಗೇ ಗೊತ್ತು. ನನಗೆ ನಲವತ್ತೈದು. ಮಗ ಶಶಾಂಕ ಹುಟ್ಟುವ ಮೊದಲು ರಂಗದ ಮೇಲೆ ಕುಣಿದದ್ದೇ ಕೊನೆ. ಆಮೇಲೆ ಕಲಿಸಿದ್ದೇನೆ, ಕಲಿಸಿದ್ದೇನೆ, ಕಲಿಸಿದ್ದೇನೆ. ವೇದಿಕೆಯ ಕೆಳಗೆ ನಿಂತು ಕೈಯಲ್ಲಿ ತೋರಿಸುವುದು, ಕಣ್ಣಲ್ಲಿ ಗದರಿಸುವುದು, ಅಷ್ಟೆ. ದೊಡ್ಡವರ ಎದುರು ಒಂದು ಹೆಜ್ಜೆ ಹಾಕೆಂದರೂ ನಾಚಿಕೆಯಾಗುತ್ತದೆ. ನನ್ನ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಹೋದರೂ ದೀಪ್ತಿಗೆ ಸಹಾಯಕ್ಕೆಂದು ಹೋದೇನು.

"ನೋಡುತ್ತೇನೆ" ಎಂದು ಫೋನ್ ಇಟ್ಟು ಆರನೇ ಕ್ಲಾಸಿಗೆ ಹೋದೆ. ಮೊದಲ ಹೆಜ್ಜೆ ಶುರು ಮಾಡಿಸಿದವಳು ನಿಲ್ಲಿಸಲು ಮರೆತೆ. ಗಂಟೆ ಹೊಡೆಯುವವರೆಗೂ ಪಾಪದ ಮಕ್ಕಳು ನಿಂತಲ್ಲೇ ತಟ್ಟಿದರು. ಅಂಗಳದ ತುಂಬ ದೂಳು, ನನ್ನ ತಲೆಯಲ್ಲಿ ವಿಮಾನ.

ಸಂಜೆ ಇವರಿಗೆ ಹೇಳಿದೆ. ಈಶ್ವರಪ್ರಸಾದರು ಕುಂಬಳೆಯ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರು, ಯಾವ ಸುದ್ದಿ ಕೇಳಿದರೂ ಮೊದಲು ಕನ್ನಡಕ ಒರೆಸುವವರು. ಒರೆಸಿದರು. "ಹೋಗು," ಎಂದರು.

"ಇಲ್ಲಿ ಅಡುಗೆ?"

"ಅದನ್ನೂ ನೀನು ದುಬೈಯಿಂದ ಮಾಡುವುದಾ?"

ಜೂನ್ 6

ಹೆಡ್‌ಮಾಷ್ಟ್ರು ಶಿವಸುಬ್ರಹ್ಮಣ್ಯರಿಗೆ ಹೇಳಿದೆ. ಅವರು ಕುಳಿತಿದ್ದವರು ಎದ್ದರು, ಮತ್ತೆ ಕುಳಿತರು.

"ಲಾಂಗ್ ಲೀವಾ? ಟೀಚರ್, ನವೆಂಬರಿನಲ್ಲಿ ಉಪಜಿಲ್ಲಾ ಕಲೋತ್ಸವ!"

ನನಗೆ ಗೊತ್ತಿಲ್ಲದ ಹಾಗೆ. ಆ ಶಾಲಾ ಸ್ಪರ್ಧೆಯ ಸಂಘನೃತ್ಯದ ಕಪ್ಪು ನಮ್ಮ ಶಾಲೆಯ ಗಾಜಿನ ಕಪಾಟಿನಿಂದ ಹೊರಗೆ ಹೋಗದೆ ಎಷ್ಟೋ ವರ್ಷವಾಯಿತು, ಅದನ್ನು ಅಲ್ಲಿಟ್ಟವಳು ನಾನೇ. ಕೊನೆಗೆ ಹೇಳಿದರು: ಬದಲಿಗೆ ಒಬ್ಬ ಟೀಚರ್ ಸಿಗಬೇಕು. ಆರು ತಿಂಗಳಲ್ಲಿ ಯಾವ ಕ್ಲಾಸಿಗೆ ಏನು ಕಲಿಸಬೇಕು ಎಂದು ನಾನು ಪೂರ್ತಿ ಬರೆದುಕೊಡಬೇಕು. ಪೋಷಕರ ಪಿಟಿಎ ಒಪ್ಪಬೇಕು. ಹಾಗಾದರೆ ಶಾಲೆಯ ಮೆನೇಜರರು ರಜೆ ಕೊಟ್ಟಾರು.

"ಬದಲಿ ವ್ಯವಸ್ಥೆ" ಎಂಬ ಶಬ್ದವನ್ನು ಅವರು ಹೇಳಿದ್ದು, ಡಾಕ್ಟರು "ಆಪರೇಶನ್" ಎನ್ನುವ ಹಾಗಿತ್ತು.

ನನಗೆ ಒಳಗೊಳಗೇ ಒಂದು ಸಂತೋಷ. ನನ್ನನ್ನು ಬರೆದು ಮುಗಿಸುವುದು ಅಷ್ಟು ಸುಲಭವಾ?

ಜೂನ್ 8, ಭಾನುವಾರ

ಬೆಳಿಗ್ಗೆ ದೋಸೆ ತಿಂದು ಕುಳಿತವಳು ಸಂಜೆ ಚಹಕ್ಕೆ ಎದ್ದೆ. ಬರೆದಷ್ಟೂ ಬರುತ್ತದೆ! ಐದನೇ ಕ್ಲಾಸಿನ ಶುಕ್ರವಾರದ ಪೀರಿಯಡ್ ಊಟವಾದ ಕೂಡಲೇ ಬರುವುದರಿಂದ ಜಿಗಿಯುವ ಹೆಜ್ಜೆ ಬೇಡ. ಏಳನೇ ಬಿಯ ಹುಡುಗರನ್ನು ಕಿಟಕಿಯ ಬಳಿ ನಿಲ್ಲಿಸಬಾರದು. ರಸ್ತೆಯಲ್ಲಿ ಬಸ್ಸು ಹೋದರೆ ಕಾಲು ಇಲ್ಲಿ, ಮನಸ್ಸು ಪುತ್ತಿಗೆಯಲ್ಲಿ. ಮಳೆ ಜೋರಾದರೆ ತಾಳ ಕೇಳಿಸದು, ಆಗ ಬರೇ ಮುದ್ರೆ ಮಾಡಿಸಬೇಕು. ಹೊಟ್ಟೆನೋವು ಎನ್ನುವವರಲ್ಲಿ ಯಾರದ್ದು ನಿಜ, ಯಾರದ್ದು ಸುಳ್ಳು. ಒಂಬತ್ತನೇ ಕ್ಲಾಸಿನ ಹಿಬಾಳನ್ನು ಎಲ್ಲರ ಎದುರು ಹೊಗಳಬಾರದು, ಹೊಗಳಿದರೆ ನಾಚಿ ಹೆಜ್ಜೆ ತಪ್ಪುತ್ತಾಳೆ.

ತಾಳ ತಪ್ಪಿದವರನ್ನು ನಾನು ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡುತ್ತೇನೆ, ಅಷ್ಟರಲ್ಲೇ ಸರಿಯಾಗುತ್ತಾರೆ. ಬದಲಿ ಟೀಚರಿಗೆ ಕನ್ನಡಕವೇ ಇಲ್ಲದಿದ್ದರೆ? ಆ ಬಗ್ಗೆಯೇ ಒಂದು ಪುಟ ಆಯಿತು.

ಸಂಘನೃತ್ಯಕ್ಕೆ ಬೇರೆಯೇ ಒಂದು ಪುಸ್ತಕ ಬೇಕು. ಈ ವರ್ಷದ್ದು ಹೀಗಿದೆ: ಗಂಡಂದಿರು ದೋಣಿಯಲ್ಲಿ ಹೋಗಿದ್ದಾರೆ, ಹೆಂಗಸರು ಕಡಲ ಬದಿಯಲ್ಲಿ ಹಣೆಗೆ ಕೈ ಅಡ್ಡ ಇಟ್ಟು ಕಾಯುತ್ತಾರೆ, ಗಾಳಿ ಬರುತ್ತದೆ, ಕಣ್ಣೀರು, ಕೊನೆಗೆ ದೋಣಿ ಕಾಣುತ್ತದೆ, ಸಾಲಾಗಿ ನಿಂತು ನಮಸ್ಕಾರ. ಬೇಸಗೆ ರಜೆಯಿಡೀ ಕುಳಿತು ಕಟ್ಟಿದ್ದು. ನನ್ನ ಮಕ್ಕಳು ಮಾಡುವಾಗ ನನಗೇ ಕಣ್ಣು ತುಂಬುತ್ತದೆ. ಬೇರೆ ಯಾರಾದರೂ ಒಂದು ಬೆರಳು ಆಚೀಚೆ ಮಾಡಿದರೂ ಕೆಟ್ಟಿತು.

ಇವರು ಕಟ್ಟನ್ನು ಎತ್ತಿ ತೂಕ ನೋಡಿದರು. "ಇದು ಬದಲಿ ಟೀಚರಿಗಾ, ನಿನ್ನ ಉಯಿಲಾ?"

ಜೂನ್ 14, ಶನಿವಾರ

ಬದಲಿಗೆ ಬರಲು ಮೂರು ಜನ. ಇಂದು ಹೆಡ್‌ಮಾಷ್ಟ್ರ ಕೋಣೆಯಲ್ಲಿ ನೋಡಿದೆವು.

ಮೊದಲನೆಯವನು ಸಿನಿಮಾ ಡ್ಯಾನ್ಸ್ ಕಲಿಸುವವನು. ಕೇಳದೆಯೇ ಒಂದು ಲಾಗ ಹಾಕಿ ತೋರಿಸಿದ. ಕಾಲು ಹೋಗಿ ಮೇಜಿನ ಮೇಲಿದ್ದ ಭೂಗೋಳಕ್ಕೆ ಬಡಿಯಿತು, ಭೂಗೋಳ ಉರುಳಿಕೊಂಡು ವರಾಂಡಕ್ಕೆ ಹೋಯಿತು, ಎಂಟನೇ ಕ್ಲಾಸಿನವರು ಅದನ್ನು ಒದ್ದರು. ಎರಡನೆಯವಳು ಒಳ್ಳೆಯ ಹುಡುಗಿ, ಆದರೆ ಜೋರಾಗಿ ಮಾತಾಡಿದರೆ ಅಳು ಬರುತ್ತದಂತೆ. ಐದನೇ ಕ್ಲಾಸಿನವರು ಅವಳನ್ನು ಒಂದು ದಿನದಲ್ಲಿ ಮುಗಿಸಿಯಾರು.

ಮೂರನೆಯವಳು ಮೊಗ್ರಾಲಿನಿಂದ ಸ್ಕೂಟಿಯಲ್ಲಿ ಬಂದ ಶಿಬಿಲಾ. ಮಳೆಕೋಟು ಬಿಚ್ಚಿ ಕಿಟಕಿಗೆ ನೇತುಹಾಕಿ, ತಲೆಯ ಶಾಲು ಸರಿಮಾಡಿ ಕುಳಿತಳು. ನೃತ್ಯದಲ್ಲಿ ಡಿಪ್ಲೊಮಾ ಮಾಡಿದ್ದಾಳೆ. ಮದುವೆಮನೆಯಲ್ಲಿ ಮದುಮಗಳನ್ನು ನಡುವೆ ಕೂರಿಸಿ ಕೈತಟ್ಟಿ ಹಾಡುತ್ತ ಕುಣಿಯುವ ಒಪ್ಪನ ಇದೆಯಲ್ಲ, ಅದನ್ನು ಕಲಿಸಲು ಊರೂರು ತಿರುಗುತ್ತಾಳೆ.

"ಮಕ್ಕಳನ್ನು ಸಂಭಾಳಿಸಿದ ಅನುಭವ ಉಂಟಾ?" ಹೆಡ್‌ಮಾಷ್ಟ್ರು ಕೇಳಿದರು.

"ಮದುಮಗಳ ನಾದಿನಿಯರನ್ನು ಒಂದು ಸಾಲಿನಲ್ಲಿ ನಿಲ್ಲಿಸಿದ ಅನುಭವ ಉಂಟು ಸಾರ್," ಎಂದಳು. "ಮಕ್ಕಳು ಅದಕ್ಕಿಂತ ಸುಲಭ."

ಹೆಡ್‌ಮಾಷ್ಟ್ರು ಸಹ ನಕ್ಕರು. ಅವರ ಹಲ್ಲು ನಾನು ಕಂಡದ್ದು ಇದೇ ಮೊದಲು.

ಹುಡುಗಿ ಚುರುಕು. ಸ್ವಲ್ಪ ಹೆಚ್ಚೇ ಚುರುಕು. ನೋಡುವ.

ಜೂನ್ 17

ಶಿಬಿಲಾ ನನ್ನ ಕಟ್ಟನ್ನು ಓದಿ ಬಂದಳು. ನಿಜವಾಗಿ ಓದಿದ್ದಾಳೆ, ಪ್ರಶ್ನೆ ಕೇಳಿ ಪರೀಕ್ಷಿಸಿದೆ.

"ಟೀಚರೇ, ಎಂತ ಮಾಡಬಾರದು ಅಂತ ಇದರಲ್ಲಿ ಎಲ್ಲ ಉಂಟು. ಎಂತ ಮಾಡಬೇಕು ಅಂತ ಹುಡುಕಿದೆ, ಸಿಗಲಿಲ್ಲ."

ಸಿಟ್ಟು ಬಂತು. ಮನೆಗೆ ಬಂದು ಹುಡುಕಿದೆ. ನನಗೂ ಸಿಗಲಿಲ್ಲ! ಒಬ್ಬಳೇ ಕುಳಿತು ನಕ್ಕದ್ದೇ ನಕ್ಕದ್ದು. ಅರ್ಧಕ್ಕರ್ಧ ತೆಗೆದುಹಾಕಿದೆ. ಕನ್ನಡಕದ ಪುಟಕ್ಕೆ ಮಾತ್ರ ಕೈ ಹಚ್ಚಲಿಲ್ಲ.

ಜೂನ್ 23

ದೀಪ್ತಿ ಹಾಡಿನ ಸೀಡಿ ಕಳಿಸಿದ್ದಾಳೆ. ಸುಮ್ಮನೆ ಕೇಳಿ ನೋಡುವ ಎಂದು ಹಾಕಿದೆ. ಇವರು ಬ್ಯಾಂಕಿಗೆ ಹೋಗಿದ್ದರು, ಬಾಗಿಲು ಹಾಕಿತ್ತು. ಹೊಳೆ ಬಯಲಿಗೆ ಇಳಿಯುವಲ್ಲಿ ಮೃದಂಗ ನಿಧಾನವಾಗುತ್ತದೆ. ಅಲ್ಲಿ ಸೌಟು ಕೈಯಲ್ಲಿದ್ದ ಹಾಗೇ ತಿರುಗಿದೆ. ಮೊಣಕಾಲು ಕಟಕ್ ಎಂದಿತು. ಇನ್ನೊಮ್ಮೆ ತಿರುಗಿದೆ. ಸಾಂಬಾರು ತಳ ಹಿಡಿಯಿತು.

ಇವರು ಬಂದು ತಿಂದು, "ಇವತ್ತು ಸಾಂಬಾರಿಗೆ ಹೊಗೆ ಹಾಕಿದ್ದಾ? ರುಚಿ ಉಂಟು," ಎಂದರು. ಆರು ತಿಂಗಳು ಒಬ್ಬರೇ ಅಡುಗೆ ಮಾಡಿ ತಿನ್ನಬಲ್ಲ ಮನುಷ್ಯ ಇವರು, ಸಂಶಯ ಬೇಡ.

ಜೂನ್ 30

ಇಂದಿನಿಂದ ಶಿಬಿಲಾ ನನ್ನ ಜೊತೆ ಕ್ಲಾಸು ತೆಗೆದುಕೊಳ್ಳುತ್ತಿದ್ದಾಳೆ. ಏಳನೇ ಬಿಯ ಹುಡುಗರನ್ನು ಕಿಟಕಿಯ ಬಳಿಯೇ ನಿಲ್ಲಿಸಿದಳು! ಬಸ್ಸು ಬಂದಾಗ "ಬಸ್ಸು ಹೋಗುವ ಒಳಗೆ ಒಂದು ಸುತ್ತು ಮುಗಿಸುವವರು ಯಾರು?" ಎಂದಳು. ಹುಡುಗರು ಬುಗುರಿಯಾದರು. ಇನ್ನೊಂದು ಬಸ್ಸು ಯಾವಾಗ ಬರುವುದೆಂದು ಕೇಳತೊಡಗಿದರು.

ಆ ಪುಟ ಹರಿದೆ.

ಜುಲೈ 4

ಬೆಳಿಗ್ಗೆ ಅಭ್ಯಾಸ, ಶಾಲೆ, ಸಂಜೆ ಅಭ್ಯಾಸ. ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತವಳ ಕಾಲು ತನ್ನಷ್ಟಕ್ಕೇ ತಟ್ಟುತ್ತಿತ್ತು. ಪಕ್ಕದಲ್ಲಿದ್ದ ಮುದುಕರು ಬೇನೆಯಾ ಕೇಳಿ ನೀಲಗಿರಿ ಎಣ್ಣೆ ಹಚ್ಚಲು ಹೇಳಿದರು. ಆಗಲಿ ಎಂದೆ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ನಕ್ಕೆ. ಪಾಸ್‌ಪೋರ್ಟ್ ಬಂತು, ಫೋಟೋದಲ್ಲಿ ಕಳ್ಳಿಯ ಹಾಗಿದ್ದೇನೆ, ಅದಕ್ಕೂ ನಗು ಬಂತು.

ಜುಲೈ 11, ಶುಕ್ರವಾರ

ಶಿಬಿಲಾ ನನ್ನ ಸಂಘನೃತ್ಯಕ್ಕೆ ಕೈ ಹಾಕಿದ್ದಾಳೆ. ಕೇಳದೆ. ನಾಳೆ ಅವಳ ಮನೆಗೇ ಹೋಗಿ ಹೇಳುತ್ತೇನೆ. ಬೇರೆ ಏನೂ ಬರೆಯುವುದಿಲ್ಲ.

ಜುಲೈ 12

ಬರೆಯದೆ ಇರಲಾರೆ.

ನಡೆದದ್ದು ಇಷ್ಟು. ನಿನ್ನೆ ನಾನು ಕಚೇರಿ ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಮಕ್ಕಳು ಕುಣಿಯುತ್ತಿದ್ದರು. ಗಂಡಂದಿರಿಗಾಗಿ ಕಾಯಬೇಕಾದ ಹೆಂಗಸರು ಹಣೆಗೆ ಕೈ ಇಟ್ಟು ನಿಲ್ಲುವ ಬದಲು ಜಗಳ ಮಾಡುತ್ತಿದ್ದರು. ಒಬ್ಬಳು ಇನ್ನೊಬ್ಬಳ ಹೇನು ನೋಡುತ್ತಿದ್ದಳು. ನನ್ನ ಹಿಬಾ, ಕಣ್ಣೀರು ಸುರಿಸಬೇಕಾದವಳು, ಹೊಟ್ಟೆ ಮುಂದೆ ಮಾಡಿ ಗಂಡನ ನಡಿಗೆಯನ್ನು ಅಣಕಿಸುತ್ತಿದ್ದಳು!

ಇಂದು ಇವರನ್ನೂ ಕರೆದುಕೊಂಡು ಮೊಗ್ರಾಲಿಗೆ ಹೋದೆ, ಗಂಭೀರವಾಗಿ ಮಾತಾಡುವುದೆಂದು. ಶಿಬಿಲಾಳ ತಾಯಿ ಖೈರುನ್ನಿಸಾ ಬಾಗಿಲಲ್ಲೇ ಹಿಡಿದುಕೊಂಡು ಒಳಗೆ ಕೂರಿಸಿದರು. ಎಣ್ಣೆಯಲ್ಲಿ ಕರಿದ ನೇಂದ್ರ ಬಾಳೆಹಣ್ಣಿನ ಪೋಡಿ, ಏಲಕ್ಕಿ ಹಾಕಿದ ಚಾಯ. ಬಾಯಿ ತುಂಬ ಪೋಡಿ ಇಟ್ಟುಕೊಂಡು ಗಂಭೀರವಾಗಿರುವುದು ಬಹಳ ಕಷ್ಟ.

"ನನ್ನ ಡ್ಯಾನ್ಸಿನಲ್ಲಿ ಕಾಯುವವರ ದುಃಖ ಉಂಟು," ಎಂದೆ ಶಿಬಿಲಾಳಿಗೆ. "ನೀನು ಅದನ್ನು ತಮಾಷೆ ಮಾಡಿದೆ."

ಶಿಬಿಲಾ ತಲೆ ತಗ್ಗಿಸಿದಳು. "ಕೇಳದೆ ಮಾಡಿದ್ದು ತಪ್ಪು ಟೀಚರೇ. ಆದರೆ..." ಎಂದು ತಾಯಿಯ ಮುಖ ನೋಡಿದಳು.

ಉತ್ತರ ಹೇಳಿದ್ದು ಖೈರುನ್ನಿಸಾ. ಅವರ ಯಜಮಾನರು ಅದ್ರಾಮಾಕ ಇಪ್ಪತ್ತೆರಡು ವರ್ಷ ದುಬೈಯಲ್ಲಿದ್ದವರು. ಎರಡು ವರ್ಷಕ್ಕೊಮ್ಮೆ ಊರಿಗೆ. "ಟೀಚರೇ, ಅಷ್ಟು ವರ್ಷ ಹಣೆಗೆ ಕೈ ಇಟ್ಟುಕೊಂಡು ನಿಲ್ಲಲಿಕ್ಕೆ ಆಗ್ತದಾ? ಗಂಜಿಗೆ ನೀರು ಇಡುವುದು ಯಾರು? ನಾವು ನಗಾಡಿದ್ದೇವೆ, ಜಗಳ ಮಾಡಿದ್ದೇವೆ, ಮಧ್ಯಾಹ್ನ ಎಲ್ಲರೂ ಸೇರಿ ಗಂಡಂದಿರ ಕತೆ ಹೇಳಿ ಉರುಳಾಡಿದ್ದೇವೆ. ದುಃಖ ಇಲ್ಲ ಅಂತ ಅಲ್ಲ. ಅದು ಒಳಗೆ ಇರ್ತದೆ, ಅದಕ್ಕೆ ಬೇರೆ ಜಾಗ ಉಂಟು."

ಅದ್ರಾಮಾಕ ಮೂಲೆಯಿಂದ, "ನನ್ನ ಕತೆ ಎಂತ ಹೇಳ್ತಿದ್ದೆ?" ಎಂದು ಕೇಳಿದರು.

"ಹೊಟ್ಟೆಯದ್ದು," ಎಂದರು ಖೈರುನ್ನಿಸಾ.

ನಾನು ಬಾಯಿಯಲ್ಲಿದ್ದ ಚಾಯ ಉಗುಳುವುದೊಂದು ಬಾಕಿ. ಹಿಬಾಳ ಹೊಟ್ಟೆ ಯಾರ ಹೊಟ್ಟೆ ಎಂದು ಈಗ ಗೊತ್ತಾಯಿತು. ಅಷ್ಟರಲ್ಲಿ ಇವರು ನನ್ನನ್ನು ಬಿಟ್ಟು ಆ ಕಡೆ ಸೇರಿ, "ಮತ್ತೆ, ಉಳಿಯುವವರು ಎಂತೆಲ್ಲ ಜಾಗ್ರತೆ ಮಾಡಬೇಕು?" ಎಂದು ವಿದ್ಯಾರ್ಥಿಯ ಹಾಗೆ ಕೇಳಿದರು.

ಖೈರುನ್ನಿಸಾ ಬೆರಳು ಮಡಚಿ ಪಾಠ ಶುರು ಮಾಡಿದರು. "ಬ್ಯಾಂಕಿನ ಸಾರ್, ಫೋನು ಬರುವ ಹೊತ್ತಿಗೆ ಮನೆಯಲ್ಲಿ ಇರಬೇಕು. ಆದರೆ ಮೊದಲ ರಿಂಗಿಗೇ ಎತ್ತಬಾರದು, ಮರ್ಯಾದೆ ಹೋಗ್ತದೆ. ಜ್ವರ ಬಂದರೆ ಬಿಟ್ಟಮೇಲೆ ಹೇಳಬೇಕು. 'ಎಂತ ಊಟ' ಅಂತ ಕೇಳಿದರೆ ಎರಡು ಪದಾರ್ಥ ಸೇರಿಸಿ ಹೇಳಬೇಕು."

ಇವರು ತಲೆಯಾಡಿಸುತ್ತ ಕೇಳಿದರು. ಬರೆದುಕೊಳ್ಳಲಿಲ್ಲ ಎಂಬುದೊಂದೇ ಪುಣ್ಯ.

ಬರುವಾಗ ಶಿಬಿಲಾಳಿಗೆ ಹೇಳಿದೆ: ನೀನು ಮಾಡಿದ್ದೇ ಇರಲಿ, ಕೊನೆಯ ಸಾಲು ನಮಸ್ಕಾರ ಕೂಡ ಬೇಡ. ದೋಣಿ ಕಂಡರೆ ಯಾರು ಸಾಲಾಗಿ ನಿಲ್ಲುತ್ತಾರೆ? ಓಡಲಿ.

ಜುಲೈ 15

ದೊಡ್ಡ ಪೇಚು. ಪಿಟಿಎ ಅಧ್ಯಕ್ಷ ಜಯಪಾಲ, ಸೀತಾಂಗೋಳಿಯಲ್ಲಿ ಪೈಂಟ್ ಅಂಗಡಿ ಇಟ್ಟವರು, ನಾನು ಕಲೋತ್ಸವ ಮುಗಿಯುವವರೆಗೆ ಹೋಗಬಾರದೆಂದು ಪೋಷಕರ ಸಹಿ ತೆಗೆದುಕೊಂಡು ಮೆನೇಜರರಿಗೆ ಕೊಟ್ಟಿದ್ದಾರೆ. ಶನಿವಾರ ಪಿಟಿಎ ಸಭೆ. ಅದು ಬೇಡವೆಂದರೆ ರಜೆ ಇಲ್ಲ. ದೀಪ್ತಿಗೆ ಸೋಮವಾರದೊಳಗೆ ಹೇಳಬೇಕು, ವೀಸಾಕ್ಕೆ ಕೊಡಲಿಕ್ಕಿದೆ. ಕಾಯಲು ಆಗದು, ಬೇರೆಯವರನ್ನು ನೋಡಬೇಕಾಗುತ್ತದೆ ಎಂದಳು. ಬೇಸರದಲ್ಲೇ ಹೇಳಿದಳು.

ಜಯಪಾಲರು ಶಾಲೆಯ ಗೇಟಿನಲ್ಲಿ ಸಿಕ್ಕಿ, "ಕೋಪ ಮಾಡಬೇಡಿ ಟೀಚರೇ. ನೀವು ಹೋದರೆ ಕಪ್ಪು ಹೋಯಿತು. ನಿಮ್ಮ ಹಾಗೆ ಯಾರುಂಟು?" ಎಂದು ಕೈ ಮುಗಿದರು.

ಕಳೆದ ತಿಂಗಳು ಯಾರಾದರೂ ಹೀಗೆ ಹೇಳಿದ್ದರೆ ಒಂದು ವಾರ ಅದನ್ನೇ ನೆನೆದು ನಿದ್ದೆ ಮಾಡುತ್ತಿದ್ದೆ. ಇಂದು ಆ ಮನುಷ್ಯನ ತಲೆಯ ಮೇಲೆ ಒಂದು ಡಬ್ಬಿ ಪೈಂಟ್ ಮಗುಚಬೇಕೆಂದು ಕಂಡಿತು. ಹಸಿರು ಪೈಂಟ್.

ಮಗ ಶಶಾಂಕನಿಗೆ ಹೇಳಿದೆ. ಅವನು ಮಣ್ಣುತ್ತಿಯಲ್ಲಿ ದನದ ಡಾಕ್ಟರಿಕೆ ಓದುತ್ತಿದ್ದಾನೆ. "ಅಮ್ಮಾ, ಅವರು ಬಿಡದಿದ್ದರೆ ಹಗ್ಗ ಕಡಿದುಕೊಂಡು ಹೋಗು," ಎಂದ. ದನಗಳ ಸಹವಾಸ.

ಜುಲೈ 19, ಶನಿವಾರ

ಆಯಿತು! ಆಯಿತು! ಆಯಿತು!

ಕ್ರಮವಾಗಿ ಬರೆಯಬೇಕು. ಹಾಲ್ ತುಂಬ ಜನ. ಹೆಚ್ಚಿನವರು ಅಮ್ಮಂದಿರು. ಜಯಪಾಲರು ನನ್ನನ್ನು ಹೊಗಳಿದರು, ಹೊಗಳಿದರು, ನಾನು ಹೋದರೆ ಶಾಲೆಯ ಛಾವಣಿಯೇ ಬೀಳುವುದೆನ್ನುವಷ್ಟು ಹೊಗಳಿದರು. ಹೆಡ್‌ಮಾಷ್ಟ್ರು ಬೆವರು ಒರೆಸುತ್ತಿದ್ದರು. ಮೆನೇಜರರು ಗಡಿಯಾರ ನೋಡುತ್ತಿದ್ದರು.

ಆಗ ಶಿಬಿಲಾ ಎದ್ದು, "ಸಾರ್, ಮಾತಾಡಿ ಎಂತ ಪ್ರಯೋಜನ? ಮಕ್ಕಳು ಒಮ್ಮೆ ಕುಣಿಯಲಿ, ಮತ್ತೆ ಹೇಳಿ," ಎಂದಳು.

ಅಭ್ಯಾಸಬಲದಿಂದ ನಾನು ವೇದಿಕೆಯ ಕೆಳಗೆ ನನ್ನ ಜಾಗಕ್ಕೆ ಹೊರಟೆ. ಅಲ್ಲಿ ಶಿಬಿಲಾ ನಿಂತಿದ್ದಳು. "ನೀವು ಅಲ್ಲಿ ಕೂತ್ಕೊಳ್ಳಿ ಟೀಚರೇ," ಎಂದು ಪೋಷಕರ ಕುರ್ಚಿ ತೋರಿಸಿದಳು. ಹೋಗಿ ಕುಳಿತೆ. ಎಂಥ ಆರಾಮ! ಕೈಯೆತ್ತುವ ಕೆಲಸವಿಲ್ಲ, ಕಣ್ಣು ಕೆಂಪು ಮಾಡುವ ಕೆಲಸವಿಲ್ಲ.

ಪದ್ಯ ಶುರುವಾಯಿತು. ದೋಣಿಗಳು ಹೋದವು. ಹೆಂಗಸರು ಬಲೆ ಹೊಲಿದರು, ತಲೆ ಬಾಚಿದರು, ಮೀನಿನ ಪಾಲಿಗೆ ಜುಟ್ಟು ಹಿಡಿದರು. ಹಿಬಾ ಹೊಟ್ಟೆ ಮುಂದೆ ಮಾಡಿ ನಡೆದಾಗ ಹಾಲ್ ಬಿದ್ದುಬಿದ್ದು ನಕ್ಕಿತು. ಆ ನಗುವಿನ ನಡುವೆಯೇ ಗಾಳಿ ಬಂತು. ಯಾರೂ ಅಳಲಿಲ್ಲ. ಬಾಚುವವಳ ಕೈ ನಿಂತಿತು, ಅಷ್ಟೆ. ಜುಟ್ಟು ಹಿಡಿದವಳು ಬಿಡದೆ ಅದೇ ಕೈಯಲ್ಲಿ ಇನ್ನೊಬ್ಬಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಮತ್ತೆ ದೋಣಿ ಕಂಡಿತು, ಕೂದಲಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡ ಹಾಗೇ ಎಲ್ಲರೂ ಓಡಿದರು. ಒಬ್ಬಳಂತೂ ಓಡಿದ ರಭಸಕ್ಕೆ ವೇದಿಕೆಯಿಂದ ಕೆಳಗೇ ಹಾರಿದಳು.

ಯಾರೋ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದರು. ಹೆಡ್‌ಮಾಷ್ಟ್ರು ಯಾರೆಂದು ತಿರುಗಿ ನೋಡಿದರು. ನಾನು.

ಹಾಗೇ ಹೋಗಿ ಮೈಕ್ ಹಿಡಿದೆ. "ನಾನೇ ಇದ್ದಿದ್ದರೆ ಇದು ಹೀಗೆ ಆಗ್ತಿರಲಿಲ್ಲ! ಎಲ್ಲರೂ ಸಾಲಾಗಿ ನಿಂತು ಅಳ್ತಿದ್ದರು! ಈ ಹುಡುಗಿ ನನಗಿಂತ ಚೆಂದ ಮಾಡಿದ್ದಾಳೆ. ನಾನು ಇರುವುದೇ ನಿಮಗೆ ನಷ್ಟ!"

"ಟೀಚರೇ," ಜಯಪಾಲರು ಕಂಗಾಲಾದರು, "ನೀವು ನಿಮ್ಮ ವಿರುದ್ಧವೇ ಮಾತಾಡ್ತಾ ಇದ್ದೀರಿ."

"ಹೌದು, ಮಾತಾಡ್ಲಿಕ್ಕೆ ನನಗೆ ಹಕ್ಕು ಉಂಟಲ್ಲ!"

ಆಗ ಹಿಂದಿನ ಸಾಲಿನಲ್ಲಿ ಕಂಕುಳಲ್ಲಿ ಮಗು ಎತ್ತಿಕೊಂಡ ಒಬ್ಬಾಕೆ ಎದ್ದಳು. ಹಿಬಾಳ ತಾಯಿ. ಅವಳ ಗಂಡ ಶಾರ್ಜದಲ್ಲಿ. ಸಭೆಯಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ. "ಟೀಚರ್ ಹೋಗಲಿ," ಎಂದಳು. "ನಮ್ಮ ಗಂಡಂದಿರು ಹೋಗುವಾಗ ಯಾರೂ ಮೀಟಿಂಗ್ ಮಾಡಲಿಲ್ಲ."

ಆಮೇಲೆ ಕೈಗಳು ಮೇಲೆದ್ದವು. ಜಯಪಾಲರದ್ದೂ ಎದ್ದಿತು, ಸ್ವಲ್ಪ ತಡವಾಗಿ.

ದೀಪ್ತಿಗೆ ಫೋನ್ ಮಾಡಿದೆ. ಹಲೋ ಎನ್ನುವ ಬದಲು ಸಿಳ್ಳೆ ಹೊಡೆದೆ.

ಜುಲೈ 28

ಮಂಗಳೂರಿನಲ್ಲಿ ಇಡೀ ತಂಡದ ಅಭ್ಯಾಸ. ಕಾಲೇಜು ಹುಡುಗಿ ಬೆಟ್ಟದಿಂದ ಧುಮುಕಿ ಬರುತ್ತಾಳೆ, ನಾನು ಅವಳನ್ನು ಎದುರುಗೊಂಡು ಬಯಲಿಗೆ ಹರಡಿಸಬೇಕು. ಸೊಂಟ ಬಿಟ್ಟುಕೊಟ್ಟಿತು, ಮೊಣಕಾಲಿಗೆ ಪಟ್ಟಿ ಬಂತು. ಪರವಾಗಿಲ್ಲ, ಅಗಲದ ಹೊಳೆಗೆ ಅವಸರವಿಲ್ಲ. ಇವತ್ತು ನಿಧಾನದ ಭಾಗ ಮುಗಿಸಿದಾಗ ಮೃದಂಗದವರು ಬಾರಿಸುವುದನ್ನು ನಿಲ್ಲಿಸಿ ಸುಮ್ಮನೆ ನೋಡುತ್ತಿದ್ದರು.

ಅಭ್ಯಾಸಕ್ಕೆಂದು ಸಣ್ಣ ರಜೆ ಹಾಕಿದ್ದು, ಶಾಲೆಗೆ ಹೋಗದೆ ಎಷ್ಟು ದಿನವಾಯಿತೋ.

ಆಗಸ್ಟ್ 1

ಆರು ತಿಂಗಳ ರಜೆಯ ಮೊದಲು ಕೊನೆಯ ಸಹಿ. ಹೆಡ್‌ಮಾಷ್ಟ್ರು ಕೈ ಚಾಚಿ, "ಟೀಚರ್, ಆ ಬದಲಿ ಯೋಜನೆ? ಪೂರ್ತಿ ಮಾಡಿದ್ದು?" ಎಂದರು.

ನನಗೆ ನೆನಪೇ ಇರಲಿಲ್ಲ. ಅವರ ಮೇಜಿನಿಂದಲೇ ಒಂದು ಹಾಳೆ ತೆಗೆದು, "ಎಲ್ಲ ಕ್ಲಾಸುಗಳಿಗೂ: ಶಿಬಿಲಾ ಟೀಚರ್ ಹೇಳಿದ ಹಾಗೆ" ಎಂದು ಬರೆದು ಸಹಿ ಹಾಕಿ ಕೊಟ್ಟೆ. ಅವರು ಹಾಳೆಯ ಹಿಂದುಗಡೆಯನ್ನೂ ತಿರುಗಿಸಿ ನೋಡಿದರು, ಪಾಪ.

ವರಾಂಡದಲ್ಲಿ ಹಿಬಾ ಸಿಕ್ಕಿದಳು. "ದುಬೈಯಲ್ಲಿ ನೀವು ಕುಣಿಯುವುದಾ, ಕಲಿಸುವುದಾ ಟೀಚರೇ?" ಎಂದಳು. ಕುಣಿಯುವುದು ಎಂದೆ. "ಹಾಗಾದರೆ ತಪ್ಪಿದರೆ ಯಾರು ಬೈಯುವುದು?" ಒಳ್ಳೆಯ ಪ್ರಶ್ನೆ. ಶಿಬಿಲಾ ಟೀಚರ ಮಕ್ಕಳು ಎಲ್ಲದಕ್ಕೂ ಪ್ರಶ್ನೆ ಕೇಳುತ್ತಾರೆ.

ಆಗಸ್ಟ್ 10, ಭಾನುವಾರ

ಮನೆ ಸಂತೆಯಾಗಿದೆ. ಖೈರುನ್ನಿಸಾ, ಅದ್ರಾಮಾಕ, ಶಿಬಿಲಾ ಬೆಳಿಗ್ಗೆಯೇ ಬಂದು ನನ್ನ ಪೆಟ್ಟಿಗೆ ಕಟ್ಟಿದರು. ನಾನು ಇಟ್ಟದ್ದನ್ನೆಲ್ಲ ಅದ್ರಾಮಾಕ ತೆಗೆದರು, "ಅದು ಅಲ್ಲಿ ಸಿಗ್ತದೆ." ಅವರು ತೆಗೆದದ್ದನ್ನೆಲ್ಲ ಖೈರುನ್ನಿಸಾ ಪುನಃ ಹಾಕಿದರು, "ಸಿಗ್ತದೆ, ಆದರೆ ಇದು ಸಿಗುವುದಿಲ್ಲ." ಕೊನೆಗೆ ಪೆಟ್ಟಿಗೆ ಮುಚ್ಚಲಾಗದೆ ಅದರ ಮೇಲೆ ಇವರನ್ನು ಕೂರಿಸಿ ಹಗ್ಗ ಕಟ್ಟಿದೆವು. ಹಗ್ಗದ ಒಳಗೆ ಇವರ ಪಂಚೆಯ ತುದಿ ಸಿಕ್ಕಿಬಿತ್ತು.

"ಬ್ಯಾಂಕಿನ ಸಾರನ್ನೂ ಒಟ್ಟಿಗೆ ಕಳಿಸುವುದಾ?" ಎಂದಳು ಶಿಬಿಲಾ.

ಎಲ್ಲರೂ ನಕ್ಕೆವು. ಇವರು ಪಂಚೆ ಬಿಡಿಸಿಕೊಳ್ಳಲು ಅವಸರ ಮಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ನಾನು ಪಕ್ಕದಲ್ಲಿ ಕುಳಿತೆ. ಖೈರುನ್ನಿಸಾ ಎಲ್ಲರನ್ನೂ ಚಾಯ ಮಾಡುವ ನೆವದಲ್ಲಿ ಒಳಗೆ ಕರೆದುಕೊಂಡು ಹೋದರು.

"ಮೊದಲ ರಿಂಗಿಗೇ ಎತ್ತುತ್ತೇನೆ," ಎಂದರು ಇವರು. "ಮರ್ಯಾದೆ ಹೋದರೆ ಹೋಗಲಿ."

ಆಗಸ್ಟ್ 12, ವಿಮಾನದಲ್ಲಿ

ಅಕ್ಷರ ಓಡುತ್ತಿದೆ. ಭಯಕ್ಕಲ್ಲ.

ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಎಲ್ಲರನ್ನೂ ಬಿಟ್ಟು ಒಳಗೆ ಬಂದೆವು. ದೀಪ್ತಿ ಮತ್ತು ತಂಡದವರು ತಪಾಸಣೆ ದಾಟಿ ಮುಂದೆ ಹೋದರು. ನನ್ನ ಕೈಚೀಲ ಮಾತ್ರ ಯಂತ್ರದಲ್ಲಿ ನಿಂತಿತು. ಅಲ್ಲಿದ್ದ ಹುಡುಗಿ ಉತ್ತರದ ಕಡೆಯವಳು. ಪರದೆ ನೋಡಿದಳು, ನನ್ನನ್ನು ನೋಡಿದಳು, ಇನ್ನೊಬ್ಬನನ್ನು ಕರೆದಳು. ಚೀಲದಲ್ಲಿ ನನ್ನ ಗೆಜ್ಜೆ. ಪೆಟ್ಟಿಗೆಗೆ ಹಾಕಲು ಮನಸ್ಸು ಬಾರದೆ ಹತ್ತಿರ ಇಟ್ಟುಕೊಂಡಿದ್ದೆ. ಪರದೆಯಲ್ಲಿ ಬರೇ ಕಪ್ಪು ಕಪ್ಪು ಗುಂಡುಗಳ ಸಾಲು ಕಂಡಿರಬೇಕು.

"ಯೇ ಕ್ಯಾ ಹೈ?"

"ಗೆಜ್ಜೆ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹಿಂದಿಯಲ್ಲಿ ಗೆಜ್ಜೆಗೆ ಶಬ್ದವೊಂದಿದೆ, ನನಗೆ ಚೆನ್ನಾಗಿ ಗೊತ್ತಿರುವ ಶಬ್ದ, ಆದರೆ ಆ ಹೊತ್ತಿಗೆ ನಾಲಿಗೆಗೆ ಬರಬೇಕಲ್ಲ! ಅಲ್ಲಾಡಿಸಿ ತೋರಿಸಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಇನ್ನು ಬೇರೆ ದಾರಿಯಿಲ್ಲ. ಚಪ್ಪಲಿ ಹೇಗೂ ಬಿಚ್ಚಿಸಿದ್ದರು. ಅಲ್ಲೇ ಬೆಂಚಿನ ಮೇಲೆ ಕುಳಿತು ಕಟ್ಟಿದೆ, ಎದ್ದು ಎರಡು ಸಲ ತಟ್ಟಿದೆ.

ಅಷ್ಟರಲ್ಲೇ ನಿಲ್ಲಿಸಬಹುದಿತ್ತು. ಆದರೆ ತಲೆಯೊಳಗೆ ಮೃದಂಗ ಶುರುವಾಗಿತ್ತು. ನೆಲ ನುಣ್ಣಗೆ, ತಣ್ಣಗೆ ಇತ್ತು. ಹೊಳೆ ಬಯಲಿಗೆ ಇಳಿಯುವ ಜಾಗದಿಂದ ಹಿಡಿದು, ಅಳಿವೆಯಲ್ಲಿ ಎರಡೂ ಕೈ ಚಾಚಿ ಉಪ್ಪುನೀರನ್ನು ಮುಟ್ಟುವವರೆಗೆ ಕುಣಿದುಬಿಟ್ಟೆ. ಬೆಲ್ಟು ಬಿಚ್ಚಿಸಿಕೊಂಡು ಸರದಿಯಲ್ಲಿ ನಿಂತಿದ್ದ ಗಂಡಸರು ಒಂದು ಕೈಯಲ್ಲಿ ಪ್ಯಾಂಟು ಹಿಡಿದಿದ್ದರಿಂದ ಚಪ್ಪಾಳೆ ತಟ್ಟಲಾರದೆ ಇನ್ನೊಂದು ಕೈಯಲ್ಲಿ ತೊಡೆಗೆ ತಟ್ಟಿದರು. ಯಾರೋ ಒಬ್ಬರು "ಹೋಯ್, ನಮ್ಮ ಊರಿನ ಟೀಚರ್!" ಎಂದು ಕೂಗಿದರು. ಆಚೆ ಕಡೆಯಿಂದ ದೀಪ್ತಿ ಎರಡೂ ಕೈ ಬಾಯಿಗೆ ಇಟ್ಟುಕೊಂಡು ನಿಂತಿದ್ದಳು.

ತಪಾಸಣೆಯ ಹುಡುಗಿ ನಗುತ್ತಿದ್ದಳು. ಚೀಲ ಮರಳಿಸುತ್ತ, "ಆಪ್ ಟೀಚರ್ ಹೈ?" ಎಂದು ಕೇಳಿದಳು.

"ನಹೀ," ಎಂದೆ, "ಡ್ಯಾನ್ಸರ್."

ಈಗ ಕುಳಿತು ಯೋಚಿಸಿದರೆ ಆ ವಾಕ್ಯ ಸರಿಯಾಯಿತೋ ಇಲ್ಲವೋ ಎಂದು ಸಂಶಯ. "ಮೈ ಡ್ಯಾನ್ಸರ್ ಹೂಂ" ಎಂದು ಪೂರ್ತಿ ಹೇಳಬೇಕಿತ್ತೇನೋ. ನನ್ನ ಹಿಂದಿ ಯಾವಾಗಲೂ ಹೀಗೇ. ದೀಪ್ತಿ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟಿದ್ದಾಳೆ. ಮೋಡ ಸರಿದ ಕಡೆ ಕೆಳಗೊಂದು ಹೊಳೆ ಕಡಲು ಸೇರುವುದು ಕಾಣಿಸುತ್ತಿದೆ. ಯಾವ ಹೊಳೆಯೋ ಗೊತ್ತಾಗುವುದಿಲ್ಲ. ಬಹಳ ಅಗಲವಿದೆ.